ಗ್ರೂಪ್ ಕೇಳದವನು

ಮೊದಲ ತಕರಾರು ಇದು:
ಐದು ಸಂಪುಟ ಮುಗಿಸಿದೆ, ಸಾವಿರದ ಒಂಬೈನೂರು ಪುಟ,
ಅಷ್ಟೂ ಕುತ್ತಿಗೆಗಳಲ್ಲಿ
ಒಂದು ಸಲವೂ ಅವನು ಗ್ರೂಪ್ ಕೇಳುವುದಿಲ್ಲ.

ನಾನು ದಾವಣಗೆರೆಯ ರಕ್ತನಿಧಿಯಲ್ಲಿ
ಹನ್ನೊಂದು ವರ್ಷದಿಂದ ರಾತ್ರಿ ಪಾಳಿಯವಳು.
ರಕ್ತಕ್ಕೆ ಗುಲಾಬಿಯ ಪರಿಮಳವಂತೆ, ಮೂರನೇ ಅಧ್ಯಾಯ.
ಇಲ್ಲ ತಾಯಿ. ಅಂಗೈಯಲ್ಲಿ ಬೆವೆತ ನಾಣ್ಯದ ವಾಸನೆ,
ಅದೂ ಚೀಲ ಒಡೆದರೆ.
ನಾಲ್ಕು ಡಿಗ್ರಿಯಲ್ಲಿ ಮೂವತ್ತೈದು ದಿನ,
ಆಮೇಲೆ ಅದು ಯಾರ ಹಸಿವಿಗೂ ಆಗದು.

ಪುಸ್ತಕ ಅಕ್ಕನ ಮಗಳು ಪ್ರಣತಿಯದು.
ಪರೀಕ್ಷೆ ಮುಗಿಯುವ ತನಕ ಬಚ್ಚಿಡು ಅಂತ
ಅಕ್ಕ ಕೈಚೀಲದ ಸಮೇತ ತಂದುಕೊಟ್ಟಳು.
ರಾತ್ರಿ ಪಾಳಿಯಲ್ಲಿ ಬಚ್ಚಿಡುವುದೆಂದರೆ ಓದುವುದು.

ಅವನಿಗೆ ನಾನೂರು ವರ್ಷ. ಇನ್ನೂ ಪಿಯುಸಿ.
ಇಷ್ಟು ಕಾಲದಲ್ಲಿ ಒಂದು ಪಂಚರ್ ಹಾಕಲು ಕಲಿತಿಲ್ಲ,
ಬಿಳಿಚಿಕೊಂಡು ನಿಲ್ಲಲು ಮಾತ್ರ ಬರುತ್ತದೆ.
ಅವಳ ಮನೆಯ ತಾರಸಿ ಮೇಲೆ ಬೆಳತನಕ ಕೂತು
ಮಲಗಿದವಳನ್ನು ನೋಡುತ್ತಾನೆ, ಪ್ರೀತಿಯಂತೆ.
ವಿನೋಬನಗರದ ಎರಡನೇ ಕ್ರಾಸಿನಲ್ಲಿ ಕೂರಬೇಕಿತ್ತು,
ಪೊರಕೆಗಳಿಗೆ ಅವನು ಅಮರ ಅಂತ ಗೊತ್ತಿರುತ್ತಿರಲಿಲ್ಲ.

ಆ ಊರಲ್ಲಿ ಸದಾ ಮಂಜು.
ನಮ್ಮಲ್ಲಿ ಮಂಜೆಂದರೆ ಮಂಡಕ್ಕಿ ಭಟ್ಟಿಯ ಹೊಗೆ;
ಅದರೊಳಗೆ ಯಾರೂ ನಿಧಾನಕ್ಕೆ ನಡೆದು ಬರುವುದಿಲ್ಲ,
ಕೆಮ್ಮುತ್ತಾ ಬರುತ್ತಾರೆ.

ಎರಡನೆಯದರಲ್ಲಿ ದೆವ್ವಗಳು. ಸುಂದರಿಯರು. ದುಃಖವೇ ಉದ್ಯೋಗ.
ನನ್ನ ಅಜ್ಜಿಯ ದೆವ್ವಗಳಿಗೆ ಬಾಕಿ ಇರುತ್ತಿತ್ತು:
ಹತ್ತಿ ಮಿಲ್ಲಿನ ಒಂದು ವಾರದ ಬಟವಾಡೆ,
ಹೊಲಿಯಲು ಕೊಟ್ಟು ಈಸಿಕೊಳ್ಳದ ಕುಪ್ಪಸ.
ಬಂದು ಕೇಳುತ್ತಿದ್ದವು. ಕೊಟ್ಟರೆ ಹೋಗುತ್ತಿದ್ದವು.

ಆದರೂ ಮೂರನೆಯದು ಚೆನ್ನಾಗಿದೆ, ಒಪ್ಪಿಕೊಳ್ಳುತ್ತೇನೆ.
ನಾಯಕಿಯ ಗೆಳತಿ ಒಬ್ಬಳು, ಕಿವಿ ಕೇಳದವಳು,
ಸತ್ತವರ ಮಾತನ್ನು ತುಟಿ ನೋಡಿ ಓದುತ್ತಾಳೆ.
ಆ ಪುಟ ಎರಡು ಸಲ ಓದಿದೆ,
ಫ್ರಿಜ್ಜಿನ ಗುಂಯ್ ಬಿಟ್ಟು ಮತ್ತೇನೂ ಕೇಳದ ಹೊತ್ತಲ್ಲಿ.

ಮೊನ್ನೆ ಎರಡೂವರೆಗೆ ಒಬ್ಬ ಬಂದ.
ತೆಳ್ಳಗೆ, ಬಿಳಿಚಿಕೊಂಡು. ಕೈ ಮುಟ್ಟಿದರೆ ತಣ್ಣಗೆ.
ಹೈವೇಯಲ್ಲಿ ಗೆಳೆಯನ ಬೈಕು ಉರುಳಿತ್ತು.
ಆಧಾರ್ ನೋಡಿದೆ: ಓಬಳೇಶ, ಜಗಳೂರು,
ಹದಿನೆಂಟು ತುಂಬಿ ಒಂಬತ್ತು ದಿನ.
ತೂಕ ನಲವತ್ತಾರು. ಶೂ ಬಿಚ್ಚಿಸಿದೆ: ನಲವತ್ತೈದೂ ಚೂರು.
ಊಟ ಆಗೈತಾ, ಎಂದೆ.
ಐದು ಸಂಪುಟದಲ್ಲಿ ಯಾರೂ ಯಾರನ್ನೂ ಕೇಳದ ಮಾತು.
ಆಗೈತ್ರಿ, ಅಂತ ಸುಳ್ಳು ಹೇಳಿದ.
ಬಿಸ್ಕತ್ತು ತಿನ್ನಿಸಿದೆ, ಸಕ್ಕರೆ ಜಾಸ್ತಿ ಹಾಕಿದ ಚಾ ಕುಡಿಸಿದೆ, ಕಾಯಿಸಿದೆ.

ಸೂಜಿ ಹೋಗುವಾಗ ಮುಖ ತಿರುವಿದ. ಮೇಜಿನ ಮೇಲೆ ಕಪ್ಪು ರಟ್ಟು.
“ಅಕ್ಕಾ, ಆರನೇದು ಓದಬ್ಯಾಡ್ರಿ.
ಆ ಕಿವಿ ಕೇಳ್ದಿರೋ ಹುಡುಗೀನ ಕೊಲ್ತಾರ.
ಅವನಿಗೇನೂ ಆಗಲ್ಲ.
ಅವನಿಗೆ ಯಾವಾಗ್ಲೂ ಏನೂ ಆಗಲ್ಲ.”
ಚೆಂಡು ಹಿಸುಕು, ಎಂದೆ. ಹಿಸುಕಿದ.
ಮುನ್ನೂರೈವತ್ತು ಎಂ.ಎಲ್.,
ಹೊರಗೆ ಬಂದಾಗ ಇನ್ನೂ ಬಿಸಿ, ನನ್ನ ಅಂಗೈ ತುಂಬ.

ಬೆಳಿಗ್ಗೆ ಹೊರಗಿನ ಬೆಂಚಲ್ಲಿ ಬಾಯಿ ತೆರೆದು ಮಲಗಿದ್ದ.
ಬಿಸಿಲು ಪಾದ ಹತ್ತಿತು, ಮಂಡಿ, ಎದೆ, ಮುಖ.
ಪಾಳಿ ಮುಗಿದರೂ ನಿಂತು ನೋಡಿದೆ
(ಮಲಗಿದವರನ್ನು ನೋಡಬಾರದು ಅಂದವಳು ನಾನೇ).
ಏನೂ ಆಗಲಿಲ್ಲ. ಒಂದು ನೊಣ ಬಂದು ಕೂತಿತು,
ನಿದ್ದೆಯಲ್ಲೇ ಓಡಿಸಿದ.

ಓದಬ್ಯಾಡ್ರಿ ಅಂದರೆ ಯಾರು ಬಿಡುತ್ತಾರೆ.
ಮರುರಾತ್ರಿಯೇ ಆರನೆಯದು ತೆಗೆದೆ.
ಇನ್ನೂರ ಹನ್ನೆರಡನೇ ಪುಟ. ಹುಡುಗ ಹೇಳಿದ್ದು ನಿಜ.
ಮೆಟ್ಟಿಲ ಮೇಲೆ ಅವಳು, ಸುತ್ತ ನಿಂತವರೆಲ್ಲ ಅಳುತ್ತಾರೆ,
ಚಂದ್ರನ ಬಗ್ಗೆ ಎರಡು ಪ್ಯಾರಾ ಇದೆ,
ಅಲ್ಲೂ ಯಾರೂ ಗ್ರೂಪ್ ಕೇಳುವುದಿಲ್ಲ.

ಅವಳದು ಯಾವುದಿತ್ತೋ.
ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆರೆದೆ.
ಅವತ್ತು ನಮ್ಮಲ್ಲಿ ಎಲ್ಲವೂ ಇತ್ತು.