ಏಳು ನಂಬರಿನ ಬೂಟು

ಬೂಟಿನ ಬುಡ ನೋಡಿದ್ರ ಮನಶ್ಯಾನ ಊರು ತಿಳಿತೈತಿ ನನಗ.
ಹೊಲದಾಂವಂದು ಹಿಮ್ಮಡದಾಗ ಸವಿತೈತಿ,
ಕಾರಕೂನಂದು ತುದಿಗೆ,
ಮಿಲಿಟರಿಯಾಂವಂದು ಸುತ್ತಲೂ ಒಂದ ಸಮ.
ಈ ಹುಡುಗಂದು ಮಾತ್ರ ಒಳಗಿನ ಅಂಚು ಹರದಿತ್ತು,
ಎರಡೂ ಕಾಲಿಂದು. ಉಳಿದಿದ್ದೆಲ್ಲಾ ಹೊಸಾದರಂಗ.

ಎಲ್ಲಿಯಾಂವೊ ತಮ್ಮಾ, ಅಂದೆ.
ಹೆಸರು ಯೆಹಾಂಗ್. ಊರಿನ ಹೆಸರೂ ಹೇಳಿದ,
ನನ್ನ ನಾಲಿಗಿ ಮ್ಯಾಲ ನಿಂದರಲಿಲ್ಲ, ಜಾರಿತು.
ಸಿಕ್ಕಿಮಿನ ಮೂಲ್ಯಾಗ ಮೂವತ್ತೆಂಟು ಮನಿ,
ಒಂದು ಕನ್ನಡಸಾಲಿಯಷ್ಟ ಸಣ್ಣ ಸಾಲಿ,
ಸಾಲಿ ಹಿಂದ, ಊರಿಗೆಲ್ಲಾ ಅದೊಂದ, ಸಪಾಟ ಜಾಗಾ.

ಟಿಳಕವಾಡಿ ಎರಡನೇ ಗೇಟಿನ ಹತ್ರ ಮೋಮೋ ಬೇಯಿಸ್ತಾನ,
ನಸಿಕಿನ್ಯಾಗ ಕ್ಯಾಂಪಿನ ಬಯಲಾಗ ಆಡತಾನ.
ಅವನ ಕನ್ನಡ ಮೂರು ತಿಂಗಳದ್ದು,
ಮರಾಠಿ ಅದರಕಿಂತ ಚೂರು ದೊಡ್ಡದು,
ನನ್ನ ಹಿಂದಿ ಬ್ಯಾಡ ಬಿಡ್ರಿ.
ಮೂರೂ ಕೂಡಿಸಿ ತ್ಯಾಪಿ ಹಚ್ಚಿದ್ವಿ.

ಆಯ್ತವಾರ ಪೆಟಿಗಿ ಮುಚ್ಚಿ ಮ್ಯಾಚ್ ನೋಡಾಕ ಹೋದೆ.
ನಮ್ಮ ಹುಡುಗರು ಚೆಂಡು ಆಕಾಶಕ್ಕ ಒದೀತಾರ,
ಇಂವ ಎತ್ತೂದ ಇಲ್ಲ.
ಕರು ಹೊಡಕೊಂಡು ಹೋದಂಗ, ಕಾಲಿನ ಬಾಜೂಕ, ಸಮಾಧಾನದಲೆ.
ಗೋಲು ಇಪ್ಪತ್ತು ಹೆಜ್ಜಿ, ಬಾಗಿಲಾ ತೆರದ ಐತಿ,
ಹೊಡಿ ಹೊಡಿ ಅಂತ ಮಂದಿ ಗಂಟಲ ಹರಕೊಂಡ್ರು.
ಅಂವ ಇನ್ನೂ ಹತ್ತು ಹೆಜ್ಜಿ ನಡಸಿದ.
ಅಂಜಬುರಕ, ಅಂದ ನನ್ನ ಮಗ್ಗಲಿನ ಕಂಡಕ್ಟರ್.

ಮರುದಿನ ಕೇಳಿದೆ.
ಆ ಸಪಾಟ ಜಾಗಾಕ್ಕ ಮೂರು ಕಡೆ ಇಳಿಜಾರಂತ,
ನಾಕನೇ ಕಡೆ ಏನೂ ಇಲ್ಲಂತ. ಗಾಳಿ ಅಷ್ಟ.
ಚೆಂಡು ಅಂಚು ದಾಟಿದ್ರ ಸೀದಾ ಹೊಳಿಗೆ.
ಇಳಿಯಾಕ ಅರ್ಧ ತಾಸು, ಏರಾಕ ಒಂದು ತಾಸು,
ಅಷ್ಟರಾಗ ಕತ್ತಲಿ, ಆಟ ಮುಗೀತು.
ಅದಕ್ಕ ಅಲ್ಲಿ ಯಾರೂ ಎತ್ತಿ ಒದಿಯೂದಿಲ್ಲ.

ಹಂಗೂ ಬಿದ್ರ ತರೋವ್ರು ಯಾರು?
ಅಂವ ನಕ್ಕ. ತಂಗಿ, ಅಂದ.

ಫೋನಿನ್ಯಾಗ ತೋರಿಸಿದ. ಫುಂಗ್ಮಾ, ಹದಿಮೂರು ವರ್ಷ,
ರಬ್ಬರ್ ಚಪ್ಪಲಿ, ಬಗಲಾಗ ಚೆಂಡು,
ಹುಲ್ಲು ಹಿಡಕೊಂತ ಮ್ಯಾಲ ಬರಾಕತ್ತಾಳ, ಬಾಯಾಗ ಏನೋ ಅಗಿತಾಳ.
ಅಂಚಿಗೆ ಬಂದ್ಲು. ಚೆಂಡು ಕೆಳಗಿಟ್ಲು.
ಮುಂದಿಂದು ನಾ ಮೂರು ಸಲ ನೋಡಿದೆ.
ಅಣ್ಣನ ವಾರಿಗಿಯವ್ರು ಆರು ಮಂದಿ,
ಸಂತ್ಯಾಗ ಚೀಲ ದಾಟಿದಂಗ ಎಲ್ಲಾರನೂ ದಾಟಿ
ಎರಡು ಬಿದಿರಿನ ನಡುವ ಚೆಂಡು ನಿಂದರಿಸಿ
ಹೊಳ್ಳಿ ಸಹಿತ ನೋಡಲಿಲ್ಲ ಹುಡುಗಿ.
ನಂದೇನಿಲ್ಲ ಕಾಕಾ, ಆಟ ಅಕೀದು.

ಹಂಗ ಅಂದಾಂವ ತನ್ನ ಬೂಟು ಕಳದು ಪೆಟಿಗಿ ಮ್ಯಾಲಿಟ್ಟ.
ಇದನ್ನ ನಾಕು ನಂಬರ್ ಮಾಡಿ ಕೊಡ್ರಿ.
ಏಳರಾಗ ನಾಕು ಆಗೂದಿಲ್ಲೋ,
ಎಮ್ಮಿ ಕೊರದು ಆಡು ಮಾಡಾಕ ಬರ್ತೈತೇನು?
ಅಂವ ಬರಿಗಾಲಿಲೆ ಗೇಟು ದಾಟಿ ಹೋಗೇಬಿಟ್ಟ.

ರಾತ್ರಿ ಅಟ್ಟಿ ಬಿಚ್ಚಿದೆ, ಹಿಮ್ಮಡ ಕೊರದೆ,
ಮರದ ಕಾಲಿಗೆ ಏರಿಸಿ ಸಣ್ಣಂದು ಹುಟ್ಟಿಸಿದೆ.
ಮ್ಯಾಣ ತಿಕ್ಕಿದ ದಾರ, ನಮ್ಮಪ್ಪನ ಜೋಡುಹೊಲಿಗಿ.
ಒಳಗಿನ ಅಂಚಿಗೆ ಎರಡು ಪದರ ಚರ್ಮ ಹೆಚ್ಚಿಗಿ ಇಟ್ಟೆ,
ಎಲ್ಲಿ ಸವೀತೈತಿ ಅಂತ ಈಗ ಗೊತ್ತಲ್ಲ.
ಚೊಲೋ ಆಗಲಿಲ್ಲ, ಖರೇ ಹೇಳತೇನಿ. ಎಡಗಾಲಿಂದು ಒಂಚೂರು ಸೊಟ್ಟ.

ಪೋಸ್ಟಿನಾಂವ ತೂಗಿ ನೋಡಿ ಅಂದ,
ಮಾಲಿನಕಿಂತ ಟಪಾಲಿನ ರೊಕ್ಕ ಜಾಸ್ತಿ ಐತಲ್ಲೋ.

ಇಪ್ಪತ್ತೆರಡು ದಿನ ಆತು. ಸುದ್ದಿಲ್ಲ.
ಮಳಿಗೆ ಅಲ್ಲಿ ದಾರಿ ಕುಸದೈತಂತ.
ನಿನ್ನೆ ಯೆಹಾಂಗ್, ಯಾರದೋ ಬೂಟು ಕಡಾ ಇಸಗೊಂಡು ಆಡಾಂವ,
ಏನು ತಿಳೀತೋ, ಒಮ್ಮೆ ಎತ್ತಿ ಒದ್ದ.
ಚೆಂಡು ಗ್ವಾಡಿ ದಾಟಿ ರಸ್ತೆಗೆ ಬಿತ್ತು.
ಅಂವ ಅಂಚಿಗೆ ಓಡಿ, ಬಗ್ಗಿ, ಕೆಳಗ ನೋಡೂವಂಗ ನಿಂತ.
ಸೈಕಲ್ಲಿನಾಂವ ಒಬ್ಬಾಂವ ಇಳದು ಹೊಳ್ಳಿ ಒಗದ.
ಎರಡೂ ಕೈಲೆ ಹಿಡಕೊಂಡು ನಿಂತಾ ನಿಂತ ಹುಡುಗ,
ಇಷ್ಟು ಲಗೂನ ಬಂದ ಚೆಂಡು ಯಾರದು ಅನ್ನೂವಂಗ.