ನಾಲ್ಕು ನಲವತ್ತು

ಗ್ಯೊಮ್, ನನ್ನ ತಂಗಿಯ ಮಗ, ಹದಿನೇಳರ ಹುಡುಗ,
ಹಳೆ ಪುಸ್ತಕದಂಗಡಿಯಿಂದ ಹೊತ್ತು ತಂದಿದ್ದಾನೆ
ಇಟ್ಟಿಗೆ ದಪ್ಪದ್ದೊಂದನ್ನು:
ಆ ಅಮೆರಿಕದ ಕಾರ್ಟೂನು ಧಾರಾವಾಹಿಯ
ಕಂತು ಕಂತಿನಲ್ಲೂ ಅಡಗಿದ ಗುಟ್ಟುಗಳ ಪಟ್ಟಿ.
ಯಾವ ಕುರ್ಚಿ ಯಾವ ಸಿನಿಮಾದ್ದು,
ಯಾವ ಕೆಮ್ಮು ಯಾವ ಸೆನೆಟರನದ್ದು,
ನಾಯಿಯ ಹೆಸರು ಯಾವ ಕಾಲದ ಸಾಬೂನಿನದ್ದು.

"ದೊಡ್ಡಮ್ಮ, ಇದನ್ನ ಬರೆದದ್ದು ನೀನೇ ಅಲ್ಲವೇ?"
ಮಾತು ಬರೆದವರು ಕಡಲಾಚೆ.
ಗೆರೆ ಬರೆದವಳು ನಾನು, ಅದೂ ಪೂರ್ತಿ ಅಲ್ಲ.
ತಲೆ ಎಡಕ್ಕಿದ್ದಾಗ ಒಂದು ಚಿತ್ರ, ಅವರದು.
ಬಲಕ್ಕೆ ತಿರುಗಿದಾಗ ಒಂದು, ಅದೂ ಅವರದು.
ನಡುವೆ ಐದು.
ಆ ಐದು ನನ್ನವು.
ರಿಮೋಟು ಒತ್ತಿ ಎಲ್ಲಿ ಬೇಕಾದರೂ ನಿಲ್ಲಿಸು,
ಸಿಗುವುದು ಬಹುಪಾಲು ನಡುವಿನದೇ:
ಅರ್ಧ ಮುಚ್ಚಿದ ರೆಪ್ಪೆ,
ಎರಡು ಬಾಯಿಗಳ ನಡುವಣ ಬಾಯಿ.

ಸೋಲ್ ನಗರದ ಗುರೋದಲ್ಲಿ ಮೂರನೇ ಮಹಡಿ.
ಕೆಳಗೆ ಸ್ವೆಟರ್ ಕಾರ್ಖಾನೆ. ನೆಲ ನಡುಗುತ್ತಿತ್ತು,
ನಮ್ಮ ಗೆರೆ ನಡುಗುವಂತಿರಲಿಲ್ಲ.
ವಿಮಾನದಲ್ಲಿ ಬಂದ ರಟ್ಟಿನ ಪೆಟ್ಟಿಗೆ ಬಿಚ್ಚಿ
ಮೇಲ್ವಿಚಾರಕ ಪ್ಯೋ, ಪಕ್ಕದಲ್ಲಿ ನಿಘಂಟಿಟ್ಟುಕೊಂಡು,
ಕೆಂಪು ಶಾಯಿಯ ಸೂಚನೆ ಓದುತ್ತಿದ್ದ:
"ಇಲ್ಲಿ ನಗು. ಹನ್ನೊಂದು ಚೌಕಟ್ಟು ಕಾಯಿರಿ."
ಕಾದೆವು.
ಯಾಕೆ ನಗು ಎಂದು ಅವನಿಗೂ ತಿಳಿಯದು.

ದಂತವೈದ್ಯ ಅಪ್ಪ ಕರ್ಬೂಜದ ಮೇಲೆ ಕೂತು
ಬಾವುಟಕ್ಕೆ ಸಲಾಮು ಹೊಡೆಯುತ್ತಾನೆ.
ನೂರೆಂಬತ್ತು ಹಾಳೆ ಬರೆದೆ ಆ ಕರ್ಬೂಜವನ್ನು,
ಹಾಳೆಗಿಷ್ಟು ಎಂದು ಕೂಲಿ, ಆ ತಿಂಗಳ ಅಕ್ಕಿ ಅದೇ.
ಓಕ್‌ಬುನ್ ಬಿದ್ದು ಬಿದ್ದು ನಕ್ಕಳು, ನಾನೂ;
ಹಣ್ಣು ಥೇಟ್ ಪ್ಯೋನ ತಲೆ.
ಈಗ ಗ್ಯೊಮ್ ಓದಿ ಹೇಳುತ್ತಾನೆ, ಪುಟ ತೊಂಬತ್ತಾರು:
ಚುನಾವಣೆ ಸೋತ ಯಾವನೋ ಗವರ್ನರನ ಲೇವಡಿಯಂತೆ,
ಅವನ ಭಾಷಣ, ಆ ವರ್ಷ, ಆ ಊರಿನ ಹಣ್ಣಿನ ಮೇಳ.
ಓ, ಎಂದೆ.
ಗೊತ್ತಾಯಿತು. ನಗು ಬರಲಿಲ್ಲ.

ಪುಟ ಇನ್ನೂರ ಹನ್ನೆರಡು. ಐದನೇ ಸರಣಿ, ಎಂಟನೇ ಕಂತು.
ಹೋಟೆಲಿನ ಗೋಡೆ ಗಡಿಯಾರದಲ್ಲಿ ನಾಲ್ಕು ನಲವತ್ತು.
ಏಕೆ ನಾಲ್ಕು ನಲವತ್ತು?
ಯಾವುದೋ ಮೂಕಿ ಚಿತ್ರದಲ್ಲಿ ರೈಲು ತಪ್ಪಿದ ಹೊತ್ತು, ಎನ್ನುತ್ತಾನೆ ಒಬ್ಬ.
ಅಲ್ಲ, ನಿರ್ಮಾಪಕನ ವಿಚ್ಛೇದನದ ಕಡತದ ನಂಬರು.
ಅಲ್ಲವೇ ಅಲ್ಲ, ವಾದ್ಯಗಳ ಶ್ರುತಿ ಕೂಡಿಸುವ ಕಂಪನ ನಾನೂರ ನಲವತ್ತು,
ಅದೇ ಕಂತಿನಲ್ಲಿ ಮಗಳು ಪಿಟೀಲು ಮರೆತು ಬರುತ್ತಾಳೆ, ನೋಡಿ!
ಒಟ್ಟು ಏಳು ಸಿದ್ಧಾಂತ, ಒಂದೂವರೆ ಪುಟ,
ಅಡಿಟಿಪ್ಪಣಿ ಬೇರೆ.

ಹಾಳೆಯಲ್ಲಿ ಗಡಿಯಾರವಿತ್ತು, ಮುಳ್ಳಿರಲಿಲ್ಲ.
ಮರೆತಿದ್ದರೋ, ಬೇಡವೆಂದಿದ್ದರೋ,
ಕೇಳೋಣವೆಂದರೆ ಅವರಿಗಿನ್ನೂ ನಿನ್ನೆಯ ಮಧ್ಯಾಹ್ನ,
ನಮ್ಮ ಫೋನಿಗೆ ಬೀಗ.
ಪೆಟ್ಟಿಗೆ ಹೊರಡಬೇಕು ಬೆಳಗಿನ ವಿಮಾನಕ್ಕೆ.
ತಲೆಯೆತ್ತಿದೆ.
ನಮ್ಮ ಗೋಡೆಯ ಮೇಲೆಷ್ಟಿತ್ತೋ ಅಷ್ಟು ಬರೆದೆ.

ಗ್ಯೊಮ್‌ಗೆ ಹೇಳಿದೆ. ಮುಖ ಸಪ್ಪಗಾಯಿತು.
"ಅಷ್ಟೇನಾ?" ಎಂದ. ಆಮೇಲೆ, "ಪುರಾವೆ?"
ಪಿಟೀಲಿನ ಸಿದ್ಧಾಂತಕ್ಕೆ ಅವನಾಗಲೇ ಪೆನ್ಸಿಲಲ್ಲಿ ಟಿಕ್ ಹಾಕಿಯಾಗಿತ್ತು.
ಇರಲಿ ಬಿಡು ಮಗು, ಪಿಟೀಲೇ ಚೆನ್ನಾಗಿದೆ ಎಂದೆ.

ಪುರಾವೆ ಎಂದರೆ ಏನು ತೋರಿಸಲಿ?
ನಾಲ್ಕು ಐವತ್ತಕ್ಕೆ ಮೊದಲ ಬಸ್ಸು ಬಂತು.
ಹಿಂದಿನ ಉದ್ದ ಸೀಟಿನಲ್ಲಿ ನಾವು ಐವರು,
ಕತ್ತಲೆ ತುಂಬಿದ ಕಿಟಕಿ ಗಾಜಿನಲ್ಲಿ ಕಂಡದ್ದು:
ಓಕ್‌ಬುನ್ ನೆಟ್ಟಗೆ, ಕಣ್ಣಷ್ಟೇ ಮುಚ್ಚಿ,
ಮಾಲ್ಜಾಳ ಕತ್ತು ತುಸು ಓರೆ,
ಯೊಂಗ್‌ನಿಮ್‌ಳದು ಇನ್ನಷ್ಟು,
ಚುನ್‌ಹ್ವಾಳ ಗಲ್ಲ ಎದೆಗೆ,
ಕೊನೆಗೆ ನಾನು, ಗಾಜಿಗೇ ಹಣೆ.
ಒಂದೇ ತಲೆ ನಿದ್ದೆಗೆ ಜಾರುವ ಐದು ಹಾಳೆ.

ಅದನ್ನು ಯಾರೂ ನಿಲ್ಲಿಸಿ ನೋಡಿಲ್ಲ.
ಡ್ರೈವರು ಕನ್ನಡಿಯಲ್ಲಿ ಒಮ್ಮೆ ಕಣ್ಣು ಹಾಯಿಸಿದ,
ನಕ್ಕಿರಬೇಕು,
ಹನ್ನೊಂದು ಚೌಕಟ್ಟಿನಷ್ಟು.