ಇನ್ನೂರ ಹನ್ನೆರಡು ಷೇರು

ಗ್ರಿಮ್ಸ್‌ಬಿಯ ಮೀನುಕಟ್ಟೆಯಲ್ಲಿ ಬೆಳಗಿನ ನಾಲ್ಕಕ್ಕೇ
ಬೆರಿಲ್‌ಳ ಚೂರಿ ಎದ್ದಿರುತ್ತಿತ್ತು.
ಹ್ಯಾಡಕ್ಕಿನ ಕಿವಿರಿನ ಹಿಂದೆ ಓರೆಯಾಗೊಂದು ಗೀರು,
ಆಮೇಲೆ ಮುಳ್ಳಿಗಂಟಿ ಬಾಲದವರೆಗೆ ಒಂದೇ ಎಳೆತ.
ಮುಳ್ಳಲ್ಲಿ ಮಾಂಸ ಉಳಿಸಿದರೆ ಅದು ಕಳ್ಳತನ ಕಣೇ,
ನಿನ್ನ ಮನೆಗೆ ನೀನೇ ಹಾಕಿದ ಕನ್ನ.

ನಾನು ಪಕ್ಕದ ಹಲಗೆಯವಳು. ಆಗ ಹತ್ತೊಂಬತ್ತು.
ವಾರದ ಕೂಲಿ ಶನಿವಾರ ರಾತ್ರಿಯೊಳಗೆ ಕರಗುತ್ತಿತ್ತು.
ಅವಳ ಏಪ್ರನ್ನಿನ ಒಳಜೇಬಿನಲ್ಲಿ ಕೆಂಪು ನೋಟ್‌ಬುಕ್ಕು,
ಒದ್ದೆಯಾಗದಂತೆ ಬ್ರೆಡ್ಡಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದು.

ತಿಂಗಳಿಗೆ ನಲವತ್ತು ಪೌಂಡು. ಹೆಚ್ಚಿಲ್ಲ, ಕಡಿಮೆಯಿಲ್ಲ.
ಲೆನ್ ಸತ್ತ ತಿಂಗಳೂ ನಲವತ್ತು.
ನೀರಿನ ಕಂಪನಿ, ಜನ ಮುಖ ತೊಳೆಯುವುದು ಬಿಡುವುದಿಲ್ಲವಲ್ಲ.
ಬಿಸ್ಕತ್ತಿನದು, ದುಃಖಕ್ಕೂ ಚಹಾ ಬೇಕು,
ಚಹಾದಲ್ಲಿ ಅದ್ದಲು ಏನಾದರೂ ಬೇಕು.
ಶವಪೆಟ್ಟಿಗೆ ಮಾಡುವವರದು. ಇದಕ್ಕೆ ಕಾರಣ ಹೇಳಲಿಲ್ಲ.
ಸಿಗರೇಟಿನದು ಎಲ್ಲಕ್ಕಿಂತ ಹೆಚ್ಚು ಕೊಡುತ್ತೆ ಅಂದನಂತೆ ಬ್ಯಾಂಕಿನ ಹುಡುಗ.
ಕೊನೆಯ ಚಳಿಗಾಲ ಲೆನ್‌ನ ಎದೆ ಮಾಡುತ್ತಿದ್ದ ಸದ್ದನ್ನು
ಅವನ ಮೇಜಿನ ಮುಂದೆ ನಿಂತು ಮಾಡಿ ತೋರಿಸಿ ಬಂದಳಂತೆ.

ಮೊದಲ ಲಾಭಾಂಶ, ಒಂದು ಪೌಂಡು ಹನ್ನೆರಡು ಪೆನ್ಸು.
ನಾನು ನಕ್ಕೆ. ಅವಳು ನಗಲಿಲ್ಲ.
"ನಾನು ಮಲಗಿದ್ದಾಗ ಬಂದ ದುಡ್ಡು ಇದು.
ಈ ಜನ್ಮದಲ್ಲಿ ನಾನು ಮಲಗಿದ್ದಾಗ ಬಂದದ್ದು
ಕೆಮ್ಮು, ಕೂಸು, ಬಾಡಿಗೆ ಕೇಳುವವನು, ಅಷ್ಟೇ."
ಆ ತಿಂಗಳು ಮಾತ್ರ ನೋಟ್‌ಬುಕ್ಕಿನಲ್ಲಿ
ನಲವತ್ತೊಂದು ಪೌಂಡು ಹನ್ನೆರಡು ಪೆನ್ಸು.

ಒಂದು ವರ್ಷ ಬೆಲೆಗಳೆಲ್ಲ ಅರ್ಧಕ್ಕೆ ಕುಸಿದವು.
ಐಸು ಒಡೆಯುವ ಗದ್ದಲದ ಮೇಲೂ ರೇಡಿಯೋ ಅರಚುತ್ತಿತ್ತು.
ಮಾರಲ್ವಾ, ಕೇಳಿದೆ.
"ಕಟ್ಟೆಯಲ್ಲಿ ಮೀನು ಅಗ್ಗವಾದ ದಿನ
ಮನೇಲಿರೋ ಮೀನು ಬೀದಿಗೆ ಎಸೀತೀಯಾ?"

ಆಮೇಲೆ ಆ ಮಾರ್ಚ್.
ಒಂದೇ ಅಂಚೆಯವನು, ಒಂದೇ ಕಂಪನಿಯ ಮುದ್ರೆ, ಎರಡು ಲಕೋಟೆ.
ಒಂದು ಬೆರಿಲ್‌ಗೆ:
ಷೇರಿಗೆ ಎರಡು ಪೆನ್ಸು ಹೆಚ್ಚಿಸಲು ಹರ್ಷಿಸುತ್ತೇವೆ.
ಇನ್ನೊಂದು ಎದುರು ಮನೆಯ ತಂಗಿ ಓಡ್ರಿಗೆ,
ಇಪ್ಪತ್ತಾರು ವರ್ಷ ಅದೇ ಕಂಪನಿಯ ತಣ್ಣನೆಯ ಶೆಡ್ಡಿನಲ್ಲಿ
ಮೀನಿನ ತುಂಡುಗಳಿಗೆ ಬ್ರೆಡ್ಡಿನ ಪುಡಿ ಹಚ್ಚಿದವಳಿಗೆ:
ಶೆಡ್ಡು ಮುಚ್ಚಲು ವಿಷಾದಿಸುತ್ತೇವೆ.
ಹರ್ಷಕ್ಕೂ ವಿಷಾದಕ್ಕೂ ಸಹಿ ಒಬ್ಬನದೇ.

ಬೆರಿಲ್ ಲಂಡನ್ನಿನ ರೈಲು ಹತ್ತಿದಳು.
ಷೇರುದಾರರ ಸಭೆ, ಹೋಟೆಲಿನ ಹಾಲು, ಕಾಲು ಹೂತುಹೋಗುವ ಜಮಖಾನೆ.
ಕೈ ಎತ್ತಿದಳು. ನಿಂಬೆಹಣ್ಣು ಉಜ್ಜಿ ಉಜ್ಜಿ ತೊಳೆದಿದ್ದರೂ
ಪಕ್ಕದ ಸೂಟಿನವನು ಮೂಗು ಆಚೆ ತಿರುಗಿಸಿದನಂತೆ.
"ಈ ಎರಡು ಪೆನ್ಸು ಎಲ್ಲಿಂದ ಬಂತು ಅಂತ ಕೇಳೋಕೆ ಬಂದಿಲ್ಲ ಸ್ವಾಮೀ,
ಅದು ನನಗೆ ಗೊತ್ತು. ಅದರ ಹೆಸರು ಓಡ್ರಿ.
ನಿಮಗೆ ಗೊತ್ತಾ ಅಂತ ಕೇಳೋಕೆ ಬಂದೆ."
ಅಧ್ಯಕ್ಷರು ಪ್ರಶ್ನೆಗೆ ಧನ್ಯವಾದ ಹೇಳಿದರು.
ಪರ ನಲವತ್ತೊಂದು ಕೋಟಿ ಮತ.
ವಿರುದ್ಧ ಬಿದ್ದ ಕೆಲವು ಸಾವಿರದಲ್ಲಿ ಇನ್ನೂರ ಹನ್ನೆರಡು ಅವಳದು.
ಕಾಫಿ ಮಾತ್ರ ಚೆನ್ನಾಗಿತ್ತು ಕಣೇ, ಅಂದಳು.

ಇನ್ನೂರ ಹನ್ನೆರಡನ್ನು ಎರಡರಿಂದ ಗುಣಿಸಿದರೆ
ನಾಲ್ಕು ಪೌಂಡು ಇಪ್ಪತ್ತನಾಲ್ಕು ಪೆನ್ಸು.
ನೋಟ್‌ಬುಕ್ಕಿಗೆ ಬರೆಯದೆ ಅದನ್ನು ಓಡ್ರಿಯ ಬಾಗಿಲಿಗೆ ಒಯ್ದಳು.
ಓಡ್ರಿ ಚಿಲ್ಲರೆಯನ್ನೂ ಅಕ್ಕನನ್ನೂ ನೋಡಿ
ಬಾಗಿಲು ಹಾಕಿಕೊಂಡಳು.
ಎಂಟು ತಿಂಗಳು ಮಾತಿಲ್ಲ.
ಮಾರಿಬಿಡು ಆ ಪೀಡೆಯನ್ನ, ಅಂದೆ ನಾನೇ.
ಬೆರಿಲ್ ಚೂರಿ ಮಸೆಯುತ್ತಲೇ ಇದ್ದಳು.
"ಮಾರಿದರೆ ದುಡ್ಡು ಬರುತ್ತೆ, ಬಾಯಿ ಹೋಗುತ್ತೆ."
ಮರುವರ್ಷವೂ ಹೋದಳು. ಅದರ ಮರುವರ್ಷ ಮಂಡಿ ಬಿಡಲಿಲ್ಲ.

ನನಗೀಗ ನಲವತ್ತು ದಾಟಿತು. ನನ್ನ ನೋಟ್‌ಬುಕ್ಕು ನೀಲಿ.
ತಿಂಗಳಿಗೆ ಅರವತ್ತು, ಕೈ ಕಟ್ಟಿದ ತಿಂಗಳು ಮೂವತ್ತು.
ಕಂಪನಿಯ ಹೆಸರಿನ ಮುಂದೆ, ಬೆಲೆಗಿಂತ ಮೊದಲು,
ಗೆರೆ ಎಳೆದು ಒಂದು ಮನೆ ಮಾಡಿದ್ದೇನೆ,
ಅಲ್ಲಿ ದುಡಿಯುವ ಒಬ್ಬರ ಹೆಸರಿಗೆ.
ನೀರಿನ ಕಂಪನಿಯ ಮುಂದೆ, ನಮ್ಮ ಓಣಿಯ ಪೈಪು ಅಗೆಯಲು ಬಂದ ಸಿರಿಲ್.
ಬಿಸ್ಕತ್ತಿನ ಮುಂದೆ ಯಾರೋ ಜೋನ ಅಂತ ಕೇಳಿ ಬರೆದದ್ದು, ಖಾತ್ರಿಯಿಲ್ಲ.
ಮಿಕ್ಕಂತೆ
ಖಾಲಿ ಮನೆಗಳೇ ಹೆಚ್ಚು.